ಡೆಂಗಿಯ ನೆರಳಲ್ಲಿ ಉಣುಗಿನ ಜ್ವರ

ಜ್ವರವೆಂದರೆ ಡೆಂಗಿ, ಅದಲ್ಲದಿದ್ದರೆ ಮಲೇರಿಯಾ, ಅದೂ ಅಲ್ಲವಾದರೆ ಟೈಫಾಯ್ಡ್ ಎಂಬ ಲೆಕ್ಕಾಚಾರ ನಮ್ಮ ಅನೇಕ ಆಸ್ಪತ್ರೆಗಳಲ್ಲಿ ಬೇರೂರಿದೆ. ಮೂರೂ ಪರೀಕ್ಷೆಗಳಲ್ಲಿ ಏನೂ ಸಿಗದೆ, ಜ್ವರವೂ ಇಳಿಯದೆ ದಿನಗಳು ಕಳೆದ ಮೇಲಷ್ಟೇ ರಿಕೆಟ್ಸಿಯಾ ಎಂಬ ಬ್ಯಾಕ್ಟೀರಿಯಾದ ನೆನಪಾಗುತ್ತದೆ. ಅಷ್ಟರಲ್ಲಿ ರೋಗಿ ತೀವ್ರ ನಿಗಾ ಘಟಕ ಸೇರಿರುವುದೂ ಉಂಟು.

ಉಣುಗಿನ ಕಡಿತದಿಂದ ಬರುವ ಈ ಚುಕ್ಕೆ ಜ್ವರ ಹೊಸದೇನಲ್ಲ. ‘ಇಂಡಿಯನ್ ಟಿಕ್ ಟೈಫಸ್’ ಎಂದು ದೇಶದ ಹೆಸರನ್ನೇ ಹೊತ್ತ ಕಾಯಿಲೆಯಿದು. ಕರ್ನಾಟಕದ ಮಕ್ಕಳ ತಜ್ಞರೂ ಇದನ್ನು ವರದಿ ಮಾಡಿದ್ದಾರೆ. ಉಣುಗು ಎಂದೊಡನೆ ನಮಗೆ ನೆನಪಾಗುವುದು 1957ರಲ್ಲಿ ಮಲೆನಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ. ಅದು ವೈರಸ್‌ನಿಂದ ಬರುವಂಥದ್ದು, ಅದಕ್ಕೆ ನಿರ್ದಿಷ್ಟ ಔಷಧವಿಲ್ಲ. ಚುಕ್ಕೆ ಜ್ವರಕ್ಕೆ ಔಷಧವಿದೆ, ಅದೂ ಅಗ್ಗದ ದರದಲ್ಲಿ. ಇಷ್ಟಿದ್ದೂ ಜೀವಹಾನಿಯಾಗುವುದಾದರೆ ಅದು ವಿಪರ್ಯಾಸ. ಈ ಸೋಂಕು ತಗುಲಲು ಕಾಡಿಗೆ ಹೋಗಬೇಕೆಂದೂ ಇಲ್ಲ, ನಾಯಿಯ ಮೈಮೇಲಿನ ಉಣುಗು ಸಾಕು.

ರಕ್ತನಾಳಗಳ ಒಳಪದರದ ಜೀವಕೋಶಗಳೊಳಗೆ ನೆಲೆಸುವ ಈ ಸೂಕ್ಷ್ಮಾಣು ನಾಳಗಳನ್ನೇ ಸೋರುವಂತೆ ಮಾಡುತ್ತದೆ. ಪ್ಲೇಟ್‌ಲೆಟ್ ಇಳಿಯುತ್ತದೆ. ಪ್ಲೇಟ್‌ಲೆಟ್ ಸಂಖ್ಯೆಯನ್ನು ಕ್ರಿಕೆಟ್ ಸ್ಕೋರಿನಂತೆ ವಿಚಾರಿಸುವುದನ್ನು ರೂಢಿಸಿಕೊಂಡಿರುವ ನಾವು ಅದನ್ನು ಕೂಡಲೇ ಡೆಂಗಿಯ ಖಾತೆಗೆ ಬರೆದುಬಿಡುತ್ತೇವೆ. ಅಂಗೈ ಅಂಗಾಲಿಗೂ ಹಬ್ಬುವ ಗುಲ್ಲೆಗಳು ಮುಖ್ಯ ಸುಳಿವು. ಆದರೆ ಅವು ಕಾಣಿಸಿಕೊಳ್ಳುವುದು ಕೆಲ ದಿನಗಳ ನಂತರ, ಕಪ್ಪು ಚರ್ಮದ ಮೇಲೆ ಸುಲಭವಾಗಿ ಕಾಣುವುದೂ ಇಲ್ಲ. ಕಡಿತ ನೋಯದ ಕಾರಣ ಉಣುಗು ಕಚ್ಚಿದ್ದು ಅನೇಕರಿಗೆ ಗೊತ್ತೇ ಆಗಿರುವುದಿಲ್ಲ. ತಡವಾದಲ್ಲಿ ಬೆರಳು, ಕಿವಿಗಳು ಕೊಳೆಯುವ ಸ್ಥಿತಿ ಬರಬಹುದು.

ಪೆನಿಸಿಲಿನ್, ಸೆಫಲೋಸ್ಪೊರಿನ್ ಗುಂಪಿನ ಔಷಧಗಳು ಎಷ್ಟೇ ದುಬಾರಿಯಾದರೂ ಇಲ್ಲಿ ನಿರುಪಯುಕ್ತ. ಡಾಕ್ಸಿಸೈಕ್ಲಿನ್ ಸಕಾಲದಲ್ಲಿ ದೊರೆತರೆ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಜ್ವರ ಇಳಿಯುತ್ತದೆ. ಮಕ್ಕಳ ಹಲ್ಲಿನ ಬಣ್ಣ ಕೆಡುತ್ತದೆಂಬ ಭಯ ಹಳೆಯ ಟೆಟ್ರಾಸೈಕ್ಲಿನ್‌ನ ಕಾಲದ್ದು. ಅಲ್ಪಾವಧಿಯ ಡಾಕ್ಸಿಸೈಕ್ಲಿನ್‌ಗೆ ಆ ಭಯ ಸಲ್ಲದೆಂಬುದು ಈಗ ತಿಳಿದಿರುವ ಸಂಗತಿ.

ಪರೀಕ್ಷೆಯದೇ ದೊಡ್ಡ ತೊಡಕು. ಮೊದಲ ಮಹಾಯುದ್ಧದ ಕಾಲದ ವೈಲ್-ಫೆಲಿಕ್ಸ್ ಪರೀಕ್ಷೆಯನ್ನೇ ಇಂದಿಗೂ ಹಲವೆಡೆ ಅವಲಂಬಿಸಲಾಗಿದೆ. ಅದು ಅನೇಕ ರೋಗಿಗಳನ್ನು ಗುರುತಿಸದೆ ಬಿಡುತ್ತದೆ. ಎಲಿಸಾ ಉತ್ತಮವೇ, ಆದರೆ ಮೊದಲ ವಾರದಲ್ಲಿ ಪ್ರತಿಕಾಯಗಳೇ ಮೂಡಿರದಿದ್ದರೆ ಅದೂ ಅಸಹಾಯಕ. ಹಾಗಾಗಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2015ರ ಮಾರ್ಗಸೂಚಿ, ಬಲವಾದ ಶಂಕೆಯಿದ್ದಲ್ಲಿ ವರದಿಗೆ ಕಾಯದೆ ಚಿಕಿತ್ಸೆ ಆರಂಭಿಸಲು ಹೇಳಿದೆ. ಇದರರ್ಥ ಬಂದ ಜ್ವರಕ್ಕೆಲ್ಲ ಡಾಕ್ಸಿಸೈಕ್ಲಿನ್ ಹಂಚುವುದೆಂದಲ್ಲ. ಆ್ಯಂಟಿಬಯಾಟಿಕ್ ದುರ್ಬಳಕೆಗೆ ನಮ್ಮಲ್ಲಿ ಈಗಾಗಲೇ ಕೊರತೆಯಿಲ್ಲ.

ಆರೋಗ್ಯ ಇಲಾಖೆ ಈ ಮಾರ್ಗಸೂಚಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮತ್ತು ಖಾಸಗಿ ಚಿಕಿತ್ಸಾಲಯಗಳ ವೈದ್ಯರಿಗೆ ತರಬೇತಿಯ ಮೂಲಕ ಮನದಟ್ಟು ಮಾಡಿಸಬೇಕು. ಎಲಿಸಾ ಸೌಲಭ್ಯ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಇರಬೇಕು. ಐದು ದಿನ ದಾಟಿದ ಜ್ವರದ ರೋಗಿಯ ಅಂಗಾಲನ್ನು ನೋಡುವುದಕ್ಕೆ, ಮನೆಯಲ್ಲಿ ನಾಯಿ, ದನ ಇವೆಯೇ ಎಂದು ಕೇಳುವುದಕ್ಕೆ ಮಾತ್ರ ಯಾವ ಅನುದಾನವೂ ಬೇಕಿಲ್ಲ.