ಮುಚ್ಚುವುದು ಯಂತ್ರವಾಗಲಿ, ತೆರೆಯುವುದು ಕೈಯಾಗಲಿ

ಮನೆಯ ಬಾಗಿಲನ್ನು ಭದ್ರಪಡಿಸುವ ಸಾಧನಗಳಿಗೆ ಕನ್ನಡದಲ್ಲಿ ಎರಡು ಬಗೆಯ ಹೆಸರುಗಳಿವೆ. ಒಳಗಿದ್ದವರು ತಮ್ಮ ರಕ್ಷಣೆಗಾಗಿ ಹಾಕಿಕೊಳ್ಳುವುದು ಚಿಲಕ ಅಥವಾ ಅಗಳಿ; ಹೊರಗೆ ಹೋಗುವವರು ಹಾಕಿ ಹೋಗುವುದು ಕೀಲಿ ಅಥವಾ ಬೀಗ. ಚಿಲಕ ತೆಗೆಯಲು ಕೈಯೊಂದೇ ಸಾಕು. ಕೀಲಿ ತೆಗೆಯಲು ಕೀಲಿಕೈ ಬೇಕು. ಒಳಗೆ ಜನರಿರುವಾಗ ಹೊರಗಿನಿಂದ ಕೀಲಿ ಹಾಕುವುದು ಸೆರೆಮನೆಯ ಪದ್ಧತಿಯೇ ಹೊರತು ವಾಸದ ಮನೆಯದಲ್ಲ. ಕಾರಿನ ಬಾಗಿಲು ತಾನಾಗಿಯೇ ಲಾಕ್ ಆಗಬೇಕೋ, ಕೂತವರು ಕೈಯಿಂದ ಮಾಡಬೇಕೋ ಎಂಬ ಚರ್ಚೆಯನ್ನು ಈ ಭೇದದ ಬೆಳಕಿನಲ್ಲಿ ನೋಡುವುದು ಉಚಿತ.

ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳ ಕಾಲದಲ್ಲಿ ಒಂದೊಂದು ಬಾಗಿಲನ್ನೂ ಬೇರೆಬೇರೆಯಾಗಿ ಕೈಯಿಂದಲೇ ಭದ್ರಪಡಿಸಬೇಕಾಗಿತ್ತು. ಇಂದು ಪ್ರತಿ ಬಾಗಿಲಿನ ಒಳಗೂ ಸಣ್ಣ ವಿದ್ಯುತ್ ಮೋಟಾರೊಂದು ಕುಳಿತಿದೆ. ರಿಮೋಟಿನ ಗುಂಡಿಯೊತ್ತಿದರೆ ನಾಲ್ಕೂ ಬಾಗಿಲು ಒಮ್ಮೆಗೇ ಮುಚ್ಚುತ್ತವೆ. ಅನೇಕ ಕಾರುಗಳಲ್ಲಿ ಗಾಡಿ ನಿಗದಿತ ವೇಗಕ್ಕೆ ಬಂದೊಡನೆ ಯಾರೂ ಹೇಳದೆಯೇ ಲಾಕ್ ಬೀಳುತ್ತದೆ. ಸುಳಕೂಡ, ಕಾಗಲ, ಇಚಲಕರಂಜಿ, ಗಡಹಿಂಗ್ಲಜ ಪರಿಸರದಲ್ಲಿ ಕಾರು ಈಗ ಕೇವಲ ಶ್ರೀಮಂತರ ಸೊತ್ತಾಗಿ ಉಳಿದಿಲ್ಲ. ಕಬ್ಬಿನ ಬಿಲ್ಲಿನಿಂದ ಕೊಂಡ ಕಾರಿನಲ್ಲಿ ಅಜ್ಜಿ, ಮಗ, ಮೊಮ್ಮಗು ಮೂವರೂ ಒಟ್ಟಿಗೆ ಕೂಡುತ್ತಾರೆ. ಆದ್ದರಿಂದ ಇದು ಎಲ್ಲ ಮನೆಗಳಿಗೂ ಸಂಬಂಧಿಸಿದ ಪ್ರಶ್ನೆ.

ಸ್ವಯಂಚಾಲಿತ ಲಾಕಿನ ಪರವಾದ ವಾದ ಹಗುರವಾದುದಲ್ಲ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ವೇಗವಾಗಿ ಸಾಗುವ ಕಾರಿನ ಹಿಡಿಕೆಯನ್ನು ಹಿಂದೆ ಕುಳಿತ ಮಗು ಆಟಕ್ಕೆಂದು ಎಳೆದರೆ ಅನಾಹುತ ಕ್ಷಣಮಾತ್ರದ್ದು. ಸಂತೆಯ ಗದ್ದಲದಲ್ಲಿ ನಿಂತ ಗಾಡಿಯ ಬಾಗಿಲನ್ನು ಹೊರಗಿನವರು ಫಕ್ಕನೆ ತೆರೆಯುವ ಭಯವೂ ಇಲ್ಲದಿಲ್ಲ. ಮನುಷ್ಯ ಮರೆಯುತ್ತಾನೆ, ಯಂತ್ರ ಮರೆಯುವುದಿಲ್ಲ. ಮುಚ್ಚುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದರಲ್ಲಿ ವಿವೇಕವೇ ಇದೆ.

ಆದರೆ ತೆರೆಯುವ ಕೆಲಸ ಬೇರೆ. ದೂಧಗಂಗೆ, ಪಂಚಗಂಗೆ, ಹಿರಣ್ಯಕೇಶಿಗಳ ದಂಡೆಯ ಜನಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿಯೂ 2021ರ ಜುಲೈನಲ್ಲಿಯೂ ಮಹಾಪೂರದಿಂದಾಗಿ ಕೊಲ್ಹಾಪುರದ ಬಳಿ ರಾಷ್ಟ್ರೀಯ ಹೆದ್ದಾರಿಯೇ ದಿನಗಟ್ಟಲೆ ಬಂದಾಗಿತ್ತು. ನೀರಿಗೆ ಸಿಕ್ಕ ಕಾರಿನಲ್ಲಿ ವಿದ್ಯುತ್ ವ್ಯವಸ್ಥೆ ಯಾವ ಗಳಿಗೆಯಲ್ಲಿ ಕೈಕೊಡುವುದೋ ಹೇಳಲಾಗದು. ಆಗ ಲಾಕಿನ ಮೋಟಾರಿನೊಡನೆ ಕಿಟಕಿಯ ಗಾಜಿನ ಮೋಟಾರೂ ನಿಲ್ಲುತ್ತದೆ. ಒಂದು ಮೀಟರ್ ಅಗಲದ ಬಾಗಿಲಿಗೆ ಅರ್ಧ ಮೀಟರ್ ಎತ್ತರದವರೆಗೆ ಹೊರಗಿನಿಂದ ನೀರು ಒತ್ತಿದರೆ ಆ ಒತ್ತಡ ಸುಮಾರು 125 ಕಿಲೋಗ್ರಾಂ ಭಾರಕ್ಕೆ ಸಮ. ನೀರು ಏರಿದಷ್ಟೂ ಬಾಗಿಲು ಭಾರವಾಗುತ್ತದೆ. ಲಾಕ್ ಹುಡುಕುತ್ತ ಕಳೆದ ಒಂದೊಂದು ನಿಮಿಷಕ್ಕೂ ಅಲ್ಲಿ ಬೆಲೆ ತೆರಬೇಕಾಗುತ್ತದೆ.

ಇನ್ನೊಂದು ಅಪಾಯ ಬಿಸಿಲಿನದು. 2005ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಉಷ್ಣತೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಅದರ ಐದರಲ್ಲಿ ನಾಲ್ಕು ಪಾಲು ಮೊದಲ ಅರ್ಧ ಗಂಟೆಯಲ್ಲೇ ಏರುತ್ತದೆ. ಗಾಜನ್ನು ತುಸು ಇಳಿಸಿಟ್ಟರೂ ಹೆಚ್ಚಿನ ಪ್ರಯೋಜನವಿಲ್ಲ. ಚೈತ್ರ ವೈಶಾಖದ ಜಾತ್ರೆ, ಮದುವೆಗಳಲ್ಲಿ ಅಂಗಳದ ತುಂಬ ಕಾರುಗಳು ನಿಂತಿರುತ್ತವೆ. ಮಕ್ಕಳಿಗೆ ಅವು ಆಟದ ಮನೆಗಳು. ಹಿಂಬಾಗಿಲಿನ ಚೈಲ್ಡ್ ಲಾಕ್ ಬಿದ್ದಿದ್ದರೆ ಒಳಗಿನ ಹಿಡಿಕೆಯನ್ನು ಎಷ್ಟು ಎಳೆದರೂ ಆ ಬಾಗಿಲು ತೆರೆಯುವುದಿಲ್ಲ. ಮಗುವನ್ನು ಕಾಯಲೆಂದು ಬಂದ ಸಾಧನವೇ ಆ ಗಳಿಗೆಯಲ್ಲಿ ಚಿಲಕವಾಗಿರದೆ ಕೀಲಿಯಾಗುತ್ತದೆ.

ಕಾನೂನು ಈ ಸತ್ಯವನ್ನು ಗುರುತಿಸಿದೆ. 2019ರ ಜುಲೈ 1ರಿಂದ ತಯಾರಾಗುವ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್, ವೇಗದ ಎಚ್ಚರಿಕೆ ಮುಂತಾದವುಗಳೊಂದಿಗೆ, ಸೆಂಟ್ರಲ್ ಲಾಕನ್ನು ಕೈಯಿಂದಲೇ ತೆರೆಯುವ ವ್ಯವಸ್ಥೆಯೂ ಕಡ್ಡಾಯವಾಯಿತು. ಟ್ಯಾಕ್ಸಿಗಳಲ್ಲಿ ಚೈಲ್ಡ್ ಲಾಕ್ ಇರಕೂಡದೆಂಬ ನಿಯಮವೂ ಬಂದಿತು. ಪ್ರಯಾಣಿಕಳನ್ನು ಒಳಗೆ ಕೂಡಿಹಾಕುವ ಅಧಿಕಾರ ಚಾಲಕನಿಗೆ ಇರಬಾರದೆಂಬುದೇ ಅದರ ಆಶಯ. ಹಳೆಯ ವಾಡೆಗಳ ಹೆಬ್ಬಾಗಿಲಿನಲ್ಲಿ ದಿಡ್ಡಿ ಬಾಗಿಲೊಂದು ಇರುತ್ತಿತ್ತು. ಹೆಬ್ಬಾಗಿಲು ಮುಚ್ಚಿದ್ದರೂ ಮನುಷ್ಯನೊಬ್ಬ ಹೊರಬರಲು ಅಷ್ಟು ದಾರಿ ಸಾಕಾಗುತ್ತಿತ್ತು. ಕಾರಿನ ಒಳಗಿನ ಯಾಂತ್ರಿಕ ಹಿಡಿಕೆ ಈ ಕಾಲದ ದಿಡ್ಡಿ ಬಾಗಿಲು.

ದಾರಿಯಿದ್ದರೆ ಸಾಲದು, ಅದರ ಅರಿವೂ ಬೇಕು. ಕೆಲವು ಕಾರುಗಳಲ್ಲಿ ಹಿಡಿಕೆಯನ್ನು ಒಮ್ಮೆ ಎಳೆದರೆ ಬಾಗಿಲು ತೆರೆಯುತ್ತದೆ; ಕೆಲವದರಲ್ಲಿ ಎರಡು ಸಲ ಎಳೆಯಬೇಕು; ಮತ್ತೆ ಕೆಲವದರಲ್ಲಿ ಮೊದಲು ಸಣ್ಣ ಗುಬುಟನ್ನು ಎತ್ತಬೇಕು. ಈಚಿನ ಕೆಲವು ವಿದ್ಯುತ್ ಕಾರುಗಳಲ್ಲಿ ಹಿಡಿಕೆಯ ಜಾಗದಲ್ಲಿ ಬರಿಯ ಗುಂಡಿಯಿದ್ದು, ಯಾಂತ್ರಿಕ ಹಿಡಿಕೆ ಬೇರೆಲ್ಲೋ ಅಡಗಿರುತ್ತದೆ. ಶೋರೂಮಿನಲ್ಲಿ ಕಾರು ಒಪ್ಪಿಸುವಾಗ ಹಾಡು ಹಚ್ಚುವ ಪರದೆಯನ್ನು ಅರ್ಧ ಗಂಟೆ ತೋರಿಸುವವರು, ಬಾಗಿಲು ತೆರೆಯುವ ಬಗೆಯನ್ನು ಎರಡು ನಿಮಿಷ ತೋರಿಸುವುದು ಅಪರೂಪ. ತೋರಿಸಿದರೂ ಅದನ್ನು ಕಾಣುವವನು ಚಾಲಕನೊಬ್ಬನೇ. ಹಿಂದೆ ಕೂಡುವ ಅಜ್ಜಿಗೆ ಅದನ್ನು ಹೇಳುವವರಿಲ್ಲ.

ಹೀಗಾಗಿ ಸ್ವಯಂಚಾಲಿತವೋ ಕೈಚಾಲಿತವೋ ಎಂಬ ಆಯ್ಕೆಯೇ ಅಪೂರ್ಣವಾದುದು. ಮುಚ್ಚುವುದು ಯಂತ್ರದ ಪಾಲಿಗಿರಲಿ, ತೆರೆಯುವುದು ಒಳಗಿದ್ದವರ ಕೈಯ ಪಾಲಿಗಿರಲಿ. ನಿಂತ ಕಾರಿಗೆ, ಒಳಗೆ ಯಾರೂ ಇಲ್ಲವೆಂದು ನೋಡಿಯೇ, ತಪ್ಪದೆ ಲಾಕ್ ಹಾಕಬೇಕು. ಆಟಕ್ಕೆ ಬಂದ ಮಕ್ಕಳು ಒಳಸೇರದಿರಲು ಅದೇ ಉಪಾಯ. ಚಿಕ್ಕ ಮಕ್ಕಳಿಲ್ಲದ ಪ್ರಯಾಣದಲ್ಲಿ ಚೈಲ್ಡ್ ಲಾಕ್ ತೆಗೆದಿಡಬೇಕು. ಖಂಡೇನವಮಿಯ ದಿನ ಗಾಡಿಗೆ ಚೆಂಡುಹೂವಿನ ಮಾಲೆ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಡುವ ಮನೆಗಳು ಅಂದು ಇನ್ನೊಂದು ಕೆಲಸ ಮಾಡಬಹುದು: ಎಂಜಿನ್ ನಿಲ್ಲಿಸಿ, ಬಾಗಿಲುಗಳಿಗೆ ಲಾಕ್ ಹಾಕಿ, ಮನೆಯ ಪ್ರತಿಯೊಬ್ಬರೂ ತಾವು ಕೂಡುವ ಆಸನದಲ್ಲಿ ಕುಳಿತು ಒಮ್ಮೆ ತಮ್ಮ ಕೈಯಿಂದಲೇ ಬಾಗಿಲು ತೆರೆದು ಇಳಿಯಬೇಕು. ತೆರೆಯಲಾಗದ ಬಾಗಿಲು ಯಾವುದೆಂದು ಅಂಗಳದಲ್ಲಿಯೇ ತಿಳಿದರೆ ಅದನ್ನು ಸರಿಪಡಿಸಲು ಅವಕಾಶವಿರುತ್ತದೆ.