ಬರೆಯದ ಕಳವು ಕಳವೇ ಅಲ್ಲವಂತೆ!



ನಮ್ಮ ಹಾಸ್ಟೆಲ್ಲಿನ ಹುಡುಗನೊಬ್ಬ ಅಪ್ಪನ ಬೈಕು ಕಳೆದುಕೊಂಡ. ಊರ ಹೆಸರು ಬೇಡ, ಠಾಣೆಯ ಹೆಸರೂ ಬೇಡ. ಸಂತೆಯ ದಿನ ಬಸ್‌ಸ್ಟ್ಯಾಂಡ್ ಹತ್ತಿರ ನಿಲ್ಲಿಸಿ ಹೋಗಿ ಬರೂದರೊಳಗ ಗಾಡಿ ಮಾಯ. ಠಾಣೆಗೆ ಓಡಿದ. "ಎರಡ ದಿವ್ಸ ಹುಡುಕ್ರಿ, ಯಾರರ ಗೆಳ್ಯಾರು ಒಯ್ದಿರ್ತಾರ" ಅಂದರು. ಎರಡು ದಿನ ಬಿಟ್ಟು ಹೋದ. "ಗಾಡಿ ಯಾರ ಹೆಸರಿನ್ಯಾಗ ಐತಿ?" ಅಂತ ಕೇಳಿದರು. ಗಾಡಿ ಮೂರನೇ ಕೈಯದು, ಆರ್‌ಸಿ ಇನ್ನೂ ಮೊದಲನೇ ಮಾಲೀಕನ ಹೆಸರಲ್ಲೇ ಇತ್ತು. ಮೂರನೇ ಸಲ ಹೋದಾಗ ಬಿಳಿ ಹಾಳೆಯ ಮೇಲೆ ಅರ್ಜಿ ಬರೆಸಿಕೊಂಡು, ಸೀಲು ಹೊಡೆದ ಹಿಂಬರಹ ಕೊಟ್ಟು ಕಳಿಸಿದರು. ಅವನು ಅದನ್ನೇ ಎಫ್‌ಐಆರ್ ಅಂತ ತಿಳಿದು ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದಾನೆ.

ಈಗ ನನ್ನ ಪ್ರಶ್ನೆ: ಆ ಬೈಕು ಕಳುವಾಗಿದೆಯೋ ಇಲ್ಲವೋ?

ಅವನ ಅಪ್ಪನನ್ನು ಕೇಳಿದರೆ ಆಗೈತಿ. ದೆಹಲಿಯನ್ನು ಕೇಳಿದರೆ ಆಗಿಲ್ಲ.

ದೆಹಲಿಯಲ್ಲಿ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಅಂತ ಒಂದಿದೆ. 1986ರಲ್ಲಿ ಶುರುವಾಯಿತು. ಅದಕ್ಕೂ ಮೊದಲಿನಿಂದ, 1953ರ ಲೆಕ್ಕದಿಂದಲೇ, 'ಕ್ರೈಮ್ ಇನ್ ಇಂಡಿಯಾ' ಎಂಬ ಪುಸ್ತಕ ಬರುತ್ತಿದೆ. ದೇಶದಲ್ಲಿ ಎಷ್ಟು ಗಾಡಿ ಕಳುವಾದವು ಅಂತ ಪೇಪರಿನವರು ಬರೆಯುವುದು, ಮಂತ್ರಿಗಳು ಸಭೆಯಲ್ಲಿ ಹೇಳುವುದು ಈ ಪುಸ್ತಕ ನೋಡಿಯೇ. ಆದರೆ ಬ್ಯೂರೋದವರು ಊರೂರು ತಿರುಗಿ "ನಿಮ್ಮ ಗಾಡಿ ಹೋಗೇತೇನ್ರಿ?" ಅಂತ ಕೇಳುವುದಿಲ್ಲ. ಠಾಣೆಯಲ್ಲಿ ಬರೆದದ್ದು ಜಿಲ್ಲೆಗೆ, ಜಿಲ್ಲೆಯದು ರಾಜ್ಯಕ್ಕೆ, ರಾಜ್ಯದ್ದು ದೆಹಲಿಗೆ ಹೋಗುತ್ತದೆ. ಠಾಣೆಯ ಮೇಜಿನ ಮೇಲೆ ಹುಟ್ಟದ ಅಂಕಿ ದೆಹಲಿಯಲ್ಲಿ ಹುಟ್ಟುವುದಿಲ್ಲ. ಅಮೆರಿಕದಲ್ಲಿ 1973ರಿಂದ, ಇಂಗ್ಲೆಂಡಿನಲ್ಲಿ 1982ರಿಂದ ಮನೆಮನೆಗೆ ಹೋಗಿ ಕೇಳುವ ಸಮೀಕ್ಷೆ ಬೇರೆಯೇ ಇದೆ. ಪೊಲೀಸರ ಲೆಕ್ಕವನ್ನು ಅದರ ಪಕ್ಕ ಇಟ್ಟು ನೋಡಬಹುದು. ನಮ್ಮ ದೇಶಕ್ಕೆ ಅಂಥ ಕಾಯಂ ಸಮೀಕ್ಷೆ ಇಲ್ಲ.

ಬ್ಯೂರೋದ ಪುಸ್ತಕವೇ ಒಂದು ಮಾತು ಒಪ್ಪಿಕೊಳ್ಳುತ್ತದೆ. ಅಪರಾಧ ಹೆಚ್ಚುವುದು ಬೇರೆ, ಅಪರಾಧದ ದಾಖಲಾತಿ ಹೆಚ್ಚುವುದು ಬೇರೆ ಅಂತ. ಇದಕ್ಕೆ ದೆಹಲಿ ನಗರವೇ ಸಾಕ್ಷಿ. 2015ರಲ್ಲಿ ಅಲ್ಲಿ ಠಾಣೆಗೆ ಹೋಗದೆ ಗಾಡಿ ಕಳವಿನ ದೂರು ಕೊಡುವ ಅನುಕೂಲ ಬಂತು. ಕಳವಿನ ಅಂಕಿ ಒಮ್ಮೆಲೇ ಜಿಗಿಯಿತು. ಆ ವರ್ಷ ಕಳ್ಳರ ಸಂತಾನ ಹೆಚ್ಚಾಯಿತೇ? ಇಲ್ಲ. ಬಾಗಿಲಲ್ಲಿ ನಿಂತು "ಆಮ್ಯಾಲ ಬರ್ರಿ" ಅನ್ನುವವರು ತಪ್ಪಿದರು, ಅಷ್ಟೇ. ಅಂದಮೇಲೆ ಅಂಕಿ ಕಡಿಮೆ ಇರುವ ಜಿಲ್ಲೆಯಲ್ಲಿ ಕಳ್ಳರು ಕಡಿಮೆ ಅಂತ ಹೇಳಲಾಗದು. ಬರೆದುಕೊಳ್ಳುವವರು ಕಡಿಮೆ ಇರಬಹುದು.

ಎಣಿಸುವ ರೀತಿಯೂ ಗೊತ್ತಿರಲಿ. ಒಂದು ಎಫ್‌ಐಆರಿನಲ್ಲಿ ಹಲವು ಅಪರಾಧಗಳಿದ್ದರೆ ಎಲ್ಲಕ್ಕಿಂತ ದೊಡ್ಡದನ್ನು ಮಾತ್ರ ಎಣಿಸುತ್ತಾರೆ. ಮನುಷ್ಯನನ್ನು ಕೊಂದು ಗಾಡಿ ಒಯ್ದರೆ ಕೊಲೆ ಒಂದು, ಕಳವು ಸೊನ್ನೆ. ದರ ಹಾಕುವುದು ಲಕ್ಷ ಜನಕ್ಕೆ ಇಷ್ಟು ಅಂತ, ಲಕ್ಷ ಗಾಡಿಗೆ ಇಷ್ಟು ಅಂತ ಅಲ್ಲ. 2021ರ ಜನಗಣತಿ ನಡೆಯಲಿಲ್ಲವಾದ್ದರಿಂದ ಆ ಜನಸಂಖ್ಯೆಯೂ 2011ರಿಂದ ಎಳೆದ ಅಂದಾಜು. ಪುಸ್ತಕ ಬರುವುದೂ ತಡ: 2023ರ ಲೆಕ್ಕ ಹೊರಬಿದ್ದದ್ದು 2025ರಲ್ಲಿ.

ತಿಳಿದವರು ಒಂದು ಮಾತು ಹೇಳುತ್ತಾರೆ. ಎಲ್ಲ ಕಳವುಗಳಲ್ಲಿ ಗಾಡಿ ಕಳವಿನ ಲೆಕ್ಕವೇ ಹೆಚ್ಚು ನಂಬಿಗಸ್ತ, ಯಾಕಂದರೆ ಎಫ್‌ಐಆರ್ ಇಲ್ಲದೆ ವಿಮೆಯ ಹಣ ಬರುವುದಿಲ್ಲ, ಆದ್ದರಿಂದ ಮಾಲೀಕ ಬಿಡದೆ ಬರೆಸುತ್ತಾನೆ ಅಂತ. ಮಾತು ನಿಜ. ಆದರೆ ಯಾರ ಮಟ್ಟಿಗೆ ನಿಜ? ಹೊಸ ಗಾಡಿಗೆ ಪೂರ್ತಿ ವಿಮೆ ಮಾಡಿಸಿದವನ ಮಟ್ಟಿಗೆ. ಕಾನೂನು ಕಡ್ಡಾಯ ಮಾಡಿದ ಥರ್ಡ್ ಪಾರ್ಟಿ ವಿಮೆಯಲ್ಲಿ ಕಳವಿಗೆ ಒಂದು ಪೈಸೆ ಇಲ್ಲ. ಹಳೇ ಗಾಡಿಯವನು ಅದನ್ನಷ್ಟೇ ಕಟ್ಟಿರುತ್ತಾನೆ, ಎಷ್ಟೋ ಸಲ ಅದೂ ಇಲ್ಲ. ಅವನು ಕೂಲಿ ಬಿಟ್ಟು ಮೂರು ದಿನ ಠಾಣೆಗೆ ಯಾಕೆ ಅಲೆಯುತ್ತಾನೆ? "ಲೈಸೆನ್ಸ್ ತೋರ್ಸು, ಆರ್‌ಸಿ ತೋರ್ಸು" ಅಂದರೆ ತಾನೇ ಕಳ್ಳನ ಹಾಗೆ ತಲೆ ತಗ್ಗಿಸಬೇಕು.

ನಮ್ಮ ನಾಲ್ಕು ತಾಲ್ಲೂಕುಗಳನ್ನೇ ಕಣ್ಣ ಮುಂದೆ ತಂದುಕೊಳ್ಳಿ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ. ದೂರದವನ ಗಾಡಿ ಅಲ್ಲಿ ಹೋದರೆ ಠಾಣೆ ಹುಡುಕುತ್ತಾನೋ, ಊರ ಬಸ್ಸು ಹುಡುಕುತ್ತಾನೋ? ಕಿತ್ತೂರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿದೆ. ಅಲ್ಲಿ ಹೋದ ಗಾಡಿ ಬೆಳಗಾಗುವುದರೊಳಗೆ ಎಲ್ಲಿರುತ್ತದೋ. ರಾಮದುರ್ಗದ ನೇಕಾರ, ಬೈಲಹೊಂಗಲದ ಹತ್ತಿ ಹಮಾಲ ಸಾಲದ ಮೇಲೆ ಗಾಡಿ ತಂದಿದ್ದರೆ, "ಕಂತು ಕಟ್ಟಿಲ್ಲೇನೋ, ಫೈನಾನ್ಸಿನವ್ರು ಒಯ್ದಿರಬೇಕು ನೋಡು" ಎಂಬ ಒಂದೇ ಮಾತಿಗೆ ಬಾಯಿ ಮುಚ್ಚುತ್ತಾನೆ. ಹೀಗೆ ಲೆಕ್ಕದಿಂದ ಜಾರಿ ಬೀಳುವವರು ಯಾರ್‍ಯಾರೋ ಅಲ್ಲ, ನಮ್ಮ ನಮ್ಮ ಮನೆಯವರೇ.

ಇನ್ನು ಹೊಸ ಕಾನೂನಿನ ಕತೆ ಕೇಳಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ ಜೊತೆಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪಟ್ಟಿಯಲ್ಲಿ ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಕಳವು ಅಸಂಜ್ಞೇಯ. ಅಂದರೆ ಎಫ್‌ಐಆರ್ ಇಲ್ಲ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆಯೂ ಇಲ್ಲ. ಬ್ಯೂರೋ ಎಣಿಸುವುದು ಸಂಜ್ಞೇಯ ಅಪರಾಧಗಳನ್ನು. ಹಿಂದೆ ಬೆಲೆ ಎಷ್ಟೇ ಇರಲಿ ಕಳವು ಸಂಜ್ಞೇಯವೇ ಆಗಿತ್ತು. ಈಗ ಹಾಸ್ಟೆಲ್ ಹುಡುಗನ ಹಳೇ ಸೈಕಲ್ಲು ಕಾನೂನಿನ ಪ್ರಕಾರವೇ ಲೆಕ್ಕದ ಹೊರಗೆ. ಅಪ್ಪನ ಹಳೇ ಮೊಪೆಡ್ಡಿಗೆ "ಇದೇನ್ ನಾಕ ಸಾವ್ರನೂ ಬಾಳೂದಿಲ್ಲ" ಅಂತ ಬೆಲೆ ಕಟ್ಟಿದರೆ ಅದೂ ಹೊರಗೆ. ನಾಳೆ ಯಾರಾದರೂ "ಕಳವು ಇಳಿದೈತಿ" ಅಂತ ಬೀಗಿದರೆ ಈ ಮಾತು ನೆನಪಿರಲಿ. ಸಾಹುಕಾರನ ಕಾರು ಎಣಿಕೆಯಲ್ಲಿದೆ, ಬಡವನ ಸೈಕಲ್ಲು ಎಣಿಕೆಯಲ್ಲಿಲ್ಲ.

ಹಾಗಾದರೆ ಪುಸ್ತಕ ಸುಟ್ಟುಬಿಡೋಣವೇ? ಬೇಡ. ಅದು ಕಳವಿನ ಲೆಕ್ಕವಲ್ಲ, ಠಾಣೆ ಬರೆದುಕೊಂಡದ್ದರ ಲೆಕ್ಕ ಅಂತ ತಿಳಿದು ಓದಬೇಕು. ನಮ್ಮ ಮೇಲಿನ ದೌರ್ಜನ್ಯದ ಅಂಕಿಯೂ ಅದೇ ಪುಸ್ತಕದಲ್ಲಿ, ಅದೇ ಮೇಜಿನಿಂದ ಬರುತ್ತದೆ. ಬೈಕಿನ ವಿಷಯದಲ್ಲಿ ಇದನ್ನು ಕಲಿತವನು ಅಲ್ಲಿಯೂ ಮೋಸ ಹೋಗುವುದಿಲ್ಲ.

ಆದ್ದರಿಂದ ಬರೆಸುವುದನ್ನು ಕಲಿಯಿರಿ. ಸಂಜ್ಞೇಯ ಅಪರಾಧದ ಮಾಹಿತಿ ಕೊಟ್ಟರೆ ಎಫ್‌ಐಆರ್ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಹದ್ದಿನ ಮಾತು ನಡೆಯುವುದಿಲ್ಲ. ನಕಲು ಪುಕ್ಕಟೆ. ಠಾಣೆಯವರು ಒಲ್ಲೆ ಅಂದರೆ ಬರೆದು ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ. ಸೈಕಲ್ಲಾದರೂ ಬಿಡಬೇಡಿ, ಅಸಂಜ್ಞೇಯವನ್ನೂ ಪುಸ್ತಕದಲ್ಲಿ ಬರೆದುಕೊಳ್ಳಬೇಕು ಅಂತ 174ನೇ ಕಲಮು ಇದೆ. ಗಾಡಿ ಕೊಂಡ ಕೂಡಲೇ ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸಿ, ಚಾಸಿ ನಂಬರು, ಇಂಜಿನ್ ನಂಬರು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೈಗೆ ಕೊಟ್ಟ ಕಾಗದದಲ್ಲಿ ಎಫ್‌ಐಆರ್ ನಂಬರು ಇದೆಯಾ ನೋಡಿ. ಹಿಂಬರಹ ಎಫ್‌ಐಆರ್ ಅಲ್ಲ.

ನಮ್ಮ ಹುಡುಗನಿಗೂ ಇದನ್ನೇ ಹೇಳಿದೆವು. ಟ್ರಂಕಿನ ಹಾಳೆ ಹೊರಗೆ ಬಂದಿದೆ. ಎಸ್‌ಪಿಯವರಿಗೆ ಅರ್ಜಿ ಬರೆದಾಗಿದೆ, ಅಂಚೆಗೆ ಹಾಕುವುದಷ್ಟೇ ಬಾಕಿ. ಬೈಕು ಸಿಗುತ್ತದೋ ಇಲ್ಲವೋ ಹೇಳಲಾರೆ. ಅದು ಕಳುವಾಗಿದೆ ಅಂತಾದರೂ ಸರ್ಕಾರ ಬರೆದುಕೊಳ್ಳಲಿ.