ಮಗ್ಗಿ ಮರೆಯೋ ಮಗು ಮೊಂಡನಲ್ಲ: ಹುಟ್ಟೋ ಮೊದಲೇ ತಗುಲಿದ ಮದ್ಯ, ಶಾಲೆಯಲ್ಲಿ ಕೇಳೋ ಬೈಗುಳ

ನಿನ್ನೆ ಗಟ್ಟಿಯಾಗಿ ಹೇಳಿದ ಮೂರರ ಮಗ್ಗಿ ಇವತ್ತು ಪೂರ್ತಿ ಮರೆತಿರುತ್ತದೆ. ಪುಸ್ತಕ ತೆಗಿ, ತಾರೀಖು ಬರಿ, ಬೋರ್ಡ್ ಮೇಲಿನ ಲೆಕ್ಕ ಮಾಡು ಅಂತ ಒಟ್ಟಿಗೆ ಹೇಳಿದರೆ ಮಗು ಪುಸ್ತಕ ತೆಗೆದು ಸುಮ್ಮನೆ ಕೂರುತ್ತದೆ. ಅಂಗಡಿಗೆ ಮೂರು ಸಾಮಾನಿಗೆ ಕಳಿಸಿದರೆ ಒಂದು ತರುತ್ತದೆ, ಚಿಲ್ಲರೆ ಎಷ್ಟು ಬರಬೇಕು ಅನ್ನೋದು ಗೊತ್ತಾಗಲ್ಲ. ಬೈದರೆ ಅಳುತ್ತದೆ, ಐದು ನಿಮಿಷ ಬಿಟ್ಟು ಅದೇ ತಪ್ಪು. ಮೇಷ್ಟ್ರು ಸೋಮಾರಿ ಅಂತಾರೆ, ಮನೆಯವರು ಮೊಂಡ ಅಂತಾರೆ.

ಇದಕ್ಕೆ ಕಾರಣ ಹಲವು ಇರಬಹುದು. ರಕ್ತಹೀನತೆ, ಅಪೌಷ್ಟಿಕತೆ, ಕಿವಿ ಕೇಳದಿರೋದು, ಕಣ್ಣು ಕಾಣದಿರೋದು ಎಲ್ಲವನ್ನೂ ಮೊದಲು ನೋಡಬೇಕು. ಆದರೆ ಯಾರೂ ಬಾಯಿ ಬಿಡದ ಕಾರಣ ಇನ್ನೊಂದಿದೆ. ಅದು ಮಗು ಹೊಟ್ಟೆಯಲ್ಲಿದ್ದಾಗ ತಾಯಿ ಕುಡಿದ ಮದ್ಯ.

ಅಮೆರಿಕದ ಸಿಯಾಟಲ್ ನಗರದ ವೈದ್ಯರು 1973ರಲ್ಲಿ ಇದಕ್ಕೆ ಹೆಸರಿಟ್ಟರು. ಈಗ ಇಡೀ ಗುಂಪನ್ನು ಎಫ್‌ಎಎಸ್‌ಡಿ ಅಂತ ಕರೀತಾರೆ. ತಾಯಿಯ ರಕ್ತದಲ್ಲಿರೋ ಮದ್ಯ ನೇರವಾಗಿ ಮಗುವಿಗೆ ಹೋಗುತ್ತದೆ, ಆಗಷ್ಟೇ ಬೆಳೀತಿರೋ ಮಿದುಳಿಗೆ ಪೆಟ್ಟು ಬೀಳುತ್ತದೆ. ಬಿಯರ್ ಆದರೇನು, ಹೆಂಡ ಆದರೇನು, ಇಷ್ಟು ಕುಡಿದರೆ ಪರವಾಗಿಲ್ಲ ಅನ್ನೋ ಅಳತೆಯೇ ಇಲ್ಲ. ಕೆಲವೇ ಮಕ್ಕಳಲ್ಲಿ ಮುಖ ನೋಡಿ ಗುರುತು ಸಿಗುತ್ತದೆ: ಸಣ್ಣ ಕಣ್ಣು, ತೆಳು ಮೇಲ್ದುಟಿ, ಮೂಗು ಮತ್ತು ತುಟಿ ನಡುವಿನ ಗೆರೆ ಸಪಾಟು. ಉಳಿದವರು ನೋಡೋಕೆ ಎಲ್ಲರ ಹಾಗೇ ಇರ್ತಾರೆ. ತೊಂದರೆ ಒಳಗಿದೆ: ನೆನಪು, ಗಮನ, ಲೆಕ್ಕ, ಸಮಯದ ಅರಿವು, ಹೀಗೆ ಮಾಡಿದರೆ ಹೀಗಾಗುತ್ತದೆ ಅನ್ನೋ ಅಂದಾಜು. ಇದು ವಾಸಿಯಾಗುವ ಕಾಯಿಲೆ ಅಲ್ಲ.

ನಮ್ಮ ಕಡೆ ಹೆಂಗಸರು ಎಲ್ಲಿ ಕುಡೀತಾರೆ ಅನ್ನೋರು ಇದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಕುಡಿಯುವ ಮಹಿಳೆಯರು ಶೇ 1.3 ಮಾತ್ರ. ಆದರೆ ಅದು ಬಾಯಿಬಿಟ್ಟು ಒಪ್ಪಿಕೊಂಡವರ ಲೆಕ್ಕ. ದಿನವಿಡೀ ಬಗ್ಗಿ ದುಡಿದು ಮೈಕೈ ನೋವಿಗೆ ಒಂದು ಪ್ಯಾಕೆಟ್ ಕುಡಿದವಳು ಸಮೀಕ್ಷೆಯವರ ಮುಂದೆ ಹೌದು ಅಂತಾಳಾ? ಔಷಧಿ ಅಂತ ಎರಡು ಚಮಚ ಬ್ರಾಂದಿ ಕೊಡುವ ಮನೆಗಳಲ್ಲಿ ಅದು ಕುಡಿತದ ಲೆಕ್ಕಕ್ಕೇ ಬರಲ್ಲ.

ಕಾಗದದ ಮೇಲೂ ಈ ಮಕ್ಕಳು ಕಾಣಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಎಫ್‌ಎಎಸ್‌ಡಿ ಹೆಸರಿಲ್ಲ. ಬುದ್ಧಿಮಾಂದ್ಯತೆ ಅಥವಾ ಕಲಿಕಾ ನ್ಯೂನತೆ ಅಂತ ಪ್ರಮಾಣಪತ್ರ ಸಿಗಬಹುದು. ಆದರೆ ಇವರಲ್ಲಿ ಎಷ್ಟೋ ಮಕ್ಕಳ ಐಕ್ಯೂ ಸಾಮಾನ್ಯ ಮಟ್ಟದಲ್ಲೇ ಇರುತ್ತದೆ. ಹಾಗಾಗಿ ಕಾರ್ಡೂ ಇಲ್ಲ, ನೆರವೂ ಇಲ್ಲ, ಬೈಗುಳ ಮಾತ್ರ ಖಾತ್ರಿ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಕಾರಣ ಏನೇ ಇರಲಿ, ತರಗತಿಯಲ್ಲಿ ಮಾಡಬೇಕಾದ ಕೆಲಸ ಹೆಚ್ಚುಕಡಿಮೆ ಒಂದೇ. ಹೆಸರು ಸಿಗೋವರೆಗೆ ಕಾಯಬೇಕಿಲ್ಲ. ಒಂದು ಸಲಕ್ಕೆ ಒಂದೇ ಮಾತು ಹೇಳೋದು, ಅದು ಮುಗಿದ ಮೇಲೆ ಇನ್ನೊಂದು. ಬಾಯಲ್ಲಿ ಹೇಳಿದ್ದನ್ನ ಚಿತ್ರದಲ್ಲೂ ತೋರಿಸೋದು. ದಿನದ ವೇಳಾಪಟ್ಟಿಯನ್ನ ಚಿತ್ರ ಬರೆದು ಗೋಡೆಗೆ ಅಂಟಿಸೋದು, ಅದನ್ನ ಪದೇ ಪದೇ ಬದಲಿಸದೇ ಇರೋದು. ಕಿಟಕಿ, ಬಾಗಿಲಿನಿಂದ ದೂರ, ಮೇಷ್ಟ್ರ ಹತ್ತಿರ ಕೂರಿಸೋದು. ಲೆಕ್ಕಕ್ಕೆ ಹುಣಸೆಬೀಜ, ಕಡ್ಡಿ, ನಿಜವಾದ ನಾಣ್ಯ ಕೈಗೆ ಕೊಡೋದು. ನಿನ್ನೆ ಕಲಿಸಿದ್ದನ್ನ ಇವತ್ತೂ ನಾಳೆಯೂ ಕಲಿಸೋದು, ಇದು ಬೇಸರದ ಕೆಲಸವೇ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಹೊಡೆಯುವಂತಿಲ್ಲ, ಅದು ಬೇರೆ ಮಾತು. ಇಂಥ ಮಗುವಿಗೆ ಹೊಡೆದರೂ ಏನೂ ಬರಲ್ಲ, ಯಾಕೆಂದರೆ ತಪ್ಪಿಗೂ ಏಟಿಗೂ ನಂಟೇ ಅದರ ತಲೆಯಲ್ಲಿ ನಿಲ್ಲಲ್ಲ.

1ರಿಂದ 3ನೇ ತರಗತಿವರೆಗಿನ ನಲಿಕಲಿಯಲ್ಲಿ ಇದರ ಅರ್ಧ ಕೆಲಸ ಆಗಲೇ ಇದೆ. ಕಾರ್ಡು, ಏಣಿ, ಮಗು ತನ್ನ ವೇಗದಲ್ಲಿ ಹತ್ತೋ ಮೆಟ್ಟಿಲು. ಆದರೆ ಮೂರು ತರಗತಿ ಒಂದೇ ಕೋಣೆಯಲ್ಲಿ ಇದ್ದಾಗ ಆಗುವ ಗದ್ದಲ ಇಂಥ ಮಗುವಿಗೆ ತಡೆಯೋಕಾಗಲ್ಲ. ನಾಲ್ಕನೇ ತರಗತಿಗೆ ಬಂದ ಮೇಲೆ ಏಣಿಯೂ ಹೋಗುತ್ತದೆ, ಎಲ್ಲರಿಗೂ ಒಂದೇ ಪಾಠ. ಮಗು ಹಿಂದೆ ಬಿದ್ದದ್ದು ಕಣ್ಣಿಗೆ ಬೀಳೋದು ಆಗಲೇ. ಚಿಕ್ಕ ವಯಸ್ಸಲ್ಲೇ ಗುರುತಿಸಿ, ಮನೆಯಲ್ಲಿ ನೆಮ್ಮದಿ ಇದ್ದರೆ ಮುಂದೆ ಶಾಲೆ ಬಿಡೋದು, ಪೊಲೀಸ್ ಮೆಟ್ಟಿಲು ಹತ್ತೋದು ಕಡಿಮೆ ಅಂತ ಸಿಯಾಟಲ್‌ನ ದೊಡ್ಡ ಅಧ್ಯಯನವೊಂದು 1996ರಲ್ಲೇ ಹೇಳಿದೆ.

ತಾಯಿಯನ್ನ ಪೋಷಕರ ಸಭೆಯಲ್ಲಿ ಎಲ್ಲರೆದುರು ‘ನೀನು ಕುಡೀತಿದ್ಯಾ’ ಅಂತ ಕೇಳಿದರೆ ಕಥೆ ಅಲ್ಲಿಗೇ ಮುಗೀತು. ಮಗುವನ್ನ ಶಾಲೆಯಿಂದಲೇ ಬಿಡಿಸಿಬಿಡ್ತಾರೆ. ಬಸುರಿ ಅಂತ ಗೊತ್ತಾಗೋ ಮೊದಲ ವಾರಗಳಲ್ಲಿ ಕುಡಿದವಳಿಗೆ ಅಪಾಯದ ಬಗ್ಗೆ ಯಾರು ಹೇಳಿದ್ದರು?

ಬಾಟಲಿ ಮೇಲೆ ಕೂಡ ಹೇಳಿಲ್ಲ. ಮದ್ಯ ಆರೋಗ್ಯಕ್ಕೆ ಹಾನಿಕರ, ಕುಡಿದು ಗಾಡಿ ಓಡಿಸಬೇಡಿ ಅನ್ನೋದಷ್ಟೇ 2019ರಿಂದ ಕಡ್ಡಾಯವಾದ ಎಚ್ಚರಿಕೆ. ಗರ್ಭಿಣಿಯರ ಮಾತಿಲ್ಲ. ರಾಜ್ಯದಲ್ಲಿ 2007ರ ಜುಲೈನಿಂದ ಸಾರಾಯಿ ಬಂದ್ ಆಯ್ತು, ಅಗ್ಗದ ಪ್ಯಾಕೆಟ್ ಬೇರೆ ರೂಪದಲ್ಲಿ ಬಂತು. 2025-26ರ ಬಜೆಟ್‌ನಲ್ಲಿ ಅಬಕಾರಿ ಗುರಿ 40,000 ಕೋಟಿ ರೂಪಾಯಿ. ಲೈಸೆನ್ಸ್ ಇಲ್ಲದ ಕಿರಾಣಿ, ಬೀಡಾ ಅಂಗಡಿಗಳಲ್ಲಿ ಪ್ಯಾಕೆಟ್ ಸಿಗೋದು ಹಳ್ಳಿಗಳಲ್ಲಿ ಗುಟ್ಟೇನಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಹೋಗಿದ್ದು ಇದನ್ನೆಲ್ಲ ನಿಲ್ಲಿಸಿ ಅಂತಲೇ. ಪರಿಚಯದ ಬಸುರಿ ಹೆಂಗಸು ಬಂದಾಗ ಪ್ಯಾಕೆಟ್ ಇಲ್ಲ ಅನ್ನೋಕೆ ಅಂಗಡಿಯವರಿಗೆ ಯಾವ ಆದೇಶವೂ ಬೇಕಿಲ್ಲ. ಚೀಟಿ ಮರೆತು ಬಂದ ಹುಡುಗನಿಗೆ ಚಿಲ್ಲರೆ ಎಣಿಸಿ ತೋರಿಸೋಕೂ ಅಷ್ಟೇ.

ಪೋಷಕರು ಹೋಗಬೇಕಾದ ಜಾಗ ಬಿಆರ್‌ಸಿ ಕಚೇರಿ. ಅಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆಂದೇ ಬಿಐಇಆರ್‌ಟಿ ಶಿಕ್ಷಕರ ಹುದ್ದೆ ಇದೆ. ಆರ್‌ಬಿಎಸ್‌ಕೆ ವೈದ್ಯರ ತಂಡ ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಸಲ ಬರಬೇಕು. ಬೆಳವಣಿಗೆ ಮತ್ತು ಕಲಿಕೆಯ ತೊಂದರೆ ಅವರ ತಪಾಸಣೆ ಪಟ್ಟಿಯಲ್ಲೇ ಇದೆ, ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಉಚಿತವಾಗಿ ಕಳಿಸಬಹುದು. ಆ ದಿನ ಮಗು ಗೈರಾಗದಂತೆ ನೋಡಿಕೊಳ್ಳಿ, ಎಷ್ಟು ಮರೆಯುತ್ತದೆ, ಯಾವಾಗ ರೇಗುತ್ತದೆ ಅಂತ ಮೇಷ್ಟ್ರ ಕೈಲಿ ಒಂದು ಹಾಳೆಯಲ್ಲಿ ಬರೆಸಿ ವೈದ್ಯರಿಗೆ ಕೊಡಿ.